ತಮ್ಮ ನನಗೂ ಹೇಳಿದ್ದ

ನನ್ನ ತಮ್ಮ ಬಸವರಾಜ ತನ್ನ ಕೊನೆಗಾಲದಲ್ಲಿ ಏನು ಬೇಕು, ಏನು ಬೇಡ ಎಂದು ನನಗೆ ಬಿಡಿಸಿ ಹೇಳಿದ್ದ. ಆಸ್ಪತ್ರೆಯಲ್ಲಿ ಎಲ್ಲರ ಎದುರು ಕೇಳಿದಾಗ — ನನಗೇನೂ ಹೇಳಿಲ್ಲ ಎಂದೆ. ಆ ಒಂದು ಸುಳ್ಳಿನಿಂದ ಅವನ ಸಾವು ಕೆಟ್ಟಿತು. ಅವನ ಹೆಂಡತಿ ನಿರ್ಮಲಾಳ ಹೆಸರೂ ಕೆಟ್ಟಿತು.

ಬಸುವಿಗೆ ಹುಟ್ಟಿನಿಂದಲೇ ಹೃದಯ ಸರಿಯಿರಲಿಲ್ಲ. ಅತ್ತರೆ ತುಟಿ ನೇರಳೆಯಾಗುತ್ತಿತ್ತು. ಶಾಲೆಗೆ ಹೋಗುವಾಗ ನಡುದಾರಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದ. ಉಸಿರು ಹದಕ್ಕೆ ಬರುವವರೆಗೆ ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಚಿಕ್ಕಂದಿನಲ್ಲೇ ಒಂದು ಆಪರೇಷನ್ ಆಯಿತು. ಆಮೇಲೆ ಯಾರೂ ಎಣಿಸದಷ್ಟು ವರ್ಷ ಬದುಕಿದ. ಗಾದಿಗನೂರಿನಲ್ಲಿ ಅದಿರಿನ ಲಾರಿಗಳಿಗೆ ನಂಬರು, ಹೆಸರು ಬರೆಯುವ ಅಂಗಡಿ ಇಟ್ಟ. ಬೆರಳ ತುದಿಗಳು ಉಬ್ಬಿಕೊಂಡಿದ್ದರೂ ಅಕ್ಷರ ಮಾತ್ರ ಅಚ್ಚು ಹಾಕಿದಂತೆ.

ನಿರ್ಮಲಾ ಸಂಡೂರಿನವಳು, ಹೊಸಪೇಟೆಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಮಾತ್ರೆ ಕೊಳ್ಳಲು ಹೋಗಿ ಹೋಗಿ ಬಸು ಅವಳನ್ನು ಮೆಚ್ಚಿದ. ಅವಳೂ ಒಪ್ಪಿದಳು — ಅಲ್ಲಿಂದಲೇ ನನ್ನ ಅನುಮಾನ ಶುರು. ಗಟ್ಟಿಮುಟ್ಟಾದ ಹುಡುಗಿ ಇಂಥವನನ್ನು ಯಾಕೆ ಕಟ್ಟಿಕೊಂಡಳು? ಅಂಗಡಿಯ ಮೇಲೆ ಕಣ್ಣೋ? ಬೇಗ ಮುಗಿಯುತ್ತದೆ ಎಂಬ ಎಣಿಕೆಯೋ?

ನಾನಿರುವ ಕಂಪ್ಲಿಯಿಂದ ತಮ್ಮನ ಮನೆಗೆ ಹೋದಾಗಲೆಲ್ಲ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಬಸುವಿನ ಕಾಲಿಗೆ ಬಾವು ಬರತೊಡಗಿದ ಮೇಲೆ ಅವಳು ಅವನಿಗೆ ನೀರನ್ನೂ ಅಳೆದು ಕೊಡುತ್ತಿದ್ದಳು. ಡಾಕ್ಟರು ಹೇಳಿದ್ದರಂತೆ. ಬಾಯಾರಿದವನಿಗೆ ನೀರಿಗೂ ಅಳತೆಯೇ — ನಾನು ನಂಬಲಿಲ್ಲ. ಅವಳು ಹೊರಗೆ ಹೋದಾಗ ಚೊಂಬು ತುಂಬ ಮಜ್ಜಿಗೆ ಕೊಡುತ್ತಿದ್ದೆ. ಮರುದಿನ ಅವನಿಗೆ ದಮ್ಮು ಹೆಚ್ಚಿದರೆ, ಇವಳು ಯಾವ ಮಾತ್ರೆ ಕೊಟ್ಟಳೋ ಎಂದು ಮನೆಗೆ ಹಿರಿಯರಾದ ನಮ್ಮ ಚಿಕ್ಕಪ್ಪನ ಕಿವಿ ಊದುತ್ತಿದ್ದೆ.

ಇನ್ನೊಂದು ಆಪರೇಷನ್ನನ್ನು ಅವನ ಹೃದಯ ತಡೆಯುವುದಿಲ್ಲ, ಇನ್ನು ಸಂಕಟವಾಗದ ಹಾಗೆ ನೋಡಿಕೊಳ್ಳುವುದಷ್ಟೇ ಎಂದು ಡಾಕ್ಟರು ಹೇಳಿದ ಮೇಲೆ ಬಸು ಒಬ್ಬನೇ ಬಸ್ಸು ಹತ್ತಿ ಕಂಪ್ಲಿಗೆ ಬಂದ. ಅಡುಗೆಮನೆಯ ಬಾಗಿಲಿಗೆ ಒರಗಿ ಕೂತ. ಏದುಸಿರು ಇಳಿದ ಮೇಲೆ ಹೇಳಿದ:

"ಅಕ್ಕಾ, ನನಗ ಕಡೀ ಹೊತ್ತು ಬಂದಾಗ ಗಂಟಲಾಗ ಪೈಪ್ ಹಾಕಿಸಬ್ಯಾಡ. ಮಿಷನ್ ಬ್ಯಾಡ. ದಮ್ಮಿಗೆ ಔಷಧ ಕೊಡ್ಲಿ, ಮನ್ಯಾಗ ಇರ್ತೀನಿ. ನಿರ್ಮಲಾಗ ಹೇಳೀನಿ. ಆದ್ರ ಆಕಿ ಮಾತು ನಮ್ಮೋರು ಯಾರೂ ನಂಬಂಗಿಲ್ಲ. ನೀ ಹೇಳಿದ್ರ ನಂಬ್ತಾರ."

ಹೂಂ ಅಂದೆ. ಬಾಯಲ್ಲಿ ಅಂದೆ — ಒಳಗೆ ಮಾತ್ರ, ಇದು ಇವನ ಮಾತಲ್ಲ, ಅವಳು ಕಲಿಸಿ ಕಳಿಸಿದ್ದು ಎಂದುಕೊಂಡೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನ ಮಾತು ನಿಂತಿತು. ನಿರ್ಮಲಾ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ನಾನೂ ಚಿಕ್ಕಪ್ಪನೂ ಅವನನ್ನು ಅವಳಿಂದ ಬಿಡಿಸಿಕೊಂಡು ಹೊಸಪೇಟೆಯ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಹೊರಗೆ ಬಂದು, ಮಿಷನ್ ಹಾಕಿದರೂ ಉಳಿಯುವ ಭರವಸೆ ಇಲ್ಲ, ಅವರು ಮುಂಚೆ ಏನಾದರೂ ಹೇಳಿದ್ದರೇ ಎಂದು ಕೇಳಿದರು. ನಿರ್ಮಲಾ ಇದ್ದದ್ದನ್ನು ಇದ್ದಂತೆ ಹೇಳಿದಳು. ಚಿಕ್ಕಪ್ಪ ನನ್ನ ಕಡೆ ತಿರುಗಿದರು.

"ನಿನಗೇನರ ಹೇಳಿದ್ನೇನವಾ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ. ನನಗೇನೂ ಹೇಳಿಲ್ಲ."

ಅವಳು ಮತ್ತೆ ಬಾಯಿ ಬಿಡಲಿಲ್ಲ. ಅದಕ್ಕೂ ನಾನೊಂದು ಅರ್ಥ ಹಚ್ಚಿದೆ — ಸಿಕ್ಕಿಬಿದ್ದಳು ಎಂದು.

ಬಸು ಮಿಷನ್ನಿನಲ್ಲಿ ಒಂದು ವಾರಕ್ಕೂ ಹೆಚ್ಚು ಇದ್ದ. ಪೈಪ್ ಕಿತ್ತುಕೊಳ್ಳುತ್ತಾನೆಂದು ಕೈ ಕಟ್ಟಿದ್ದರು. ಒಬ್ಬರನ್ನಷ್ಟೇ ಒಳಗೆ ಬಿಡುತ್ತಿದ್ದರು, ನಾನೇ ಹೋಗುತ್ತಿದ್ದೆ. ಒಮ್ಮೆ ಕಣ್ಣು ಬಿಟ್ಟು ನನ್ನನ್ನು ನೋಡಿದ. ಆ ನೋಟ — ಬೇಡ, ಬರೆಯಲಾರೆ. ನನ್ನ ಗುರುತು ಸಿಕ್ಕಿತ್ತು ಅವನಿಗೆ, ಅಷ್ಟು ಹೇಳಬಲ್ಲೆ. ಆಮೇಲೆ ಅವನ ಕಣ್ಣು ನನ್ನ ಬೆನ್ನ ಹಿಂದೆ ಬಾಗಿಲ ಕಡೆ ಹೋಯಿತು. ನಾನು ಹೊರಗೆ ಬಂದು ನಿರ್ಮಲಾಗೆ, ನಿದ್ದೆ ಮಾಡುತ್ತಿದ್ದಾನೆ ಎಂದೆ.

ಅವನು ಹೋದ ಮೇಲೆ ನಮ್ಮವರೆಲ್ಲ ಅವಳನ್ನು ಗಂಡನ ಸಾವು ಬಯಸಿದವಳು ಎಂದರು. ನಾನು ತಡೆಯಲಿಲ್ಲ. ಅಂಗಡಿಯ ಒಂದು ಬಣ್ಣದ ಡಬ್ಬಿಯನ್ನೂ ಮುಟ್ಟದೆ ಅವಳು ಸಂಡೂರಿಗೆ ಹೊರಟುಹೋದಳು. ಅದರಲ್ಲೂ ಏನೋ ಹೂಟ ಇರಬೇಕೆಂದು ಕಾದೆ. ವರ್ಷಗಳು ಕಳೆದವು. ಪಾಲು ಕೇಳಿ ಅವಳ ಕಡೆಯಿಂದ ಏನೂ ಬರಲಿಲ್ಲ. ಕೊನೆಗೆ ಅನುಮಾನ ನನ್ನ ಕಡೆಗೇ ತಿರುಗಿತು — ಅಂದು ಸುಳ್ಳು ಹೇಳಿದ್ದು ತಮ್ಮನನ್ನು ಉಳಿಸಿಕೊಳ್ಳಲೋ, ಅವಳನ್ನು ಸೋಲಿಸಲೋ? ಉತ್ತರ ನನಗೆ ಗೊತ್ತು.

ಹೋದ ತಿಂಗಳು ಸಂಡೂರಿಗೆ ಹೋಗಿ ಅವಳ ಬಾಗಿಲಲ್ಲಿ ನಿಂತೆ. ಒಳಗೆ ಕರೆದು ಕೂರಿಸಿದಳು. ನನ್ನ ಬಾಯಿಂದ ಮಾತು ಹೊರಡುವ ಮುಂಚೆ ಅವಳೇ ಹೇಳಿದಳು:

"ನಿಮಗೂ ಹೇಳಿದ್ರು ಅಂತ ನನಗ ಗೊತ್ತಿತ್ರಿ, ಅಕ್ಕಾ. ಕಂಪ್ಲಿಯಿಂದ ಬಂದು, 'ಅಕ್ಕ ಹೂಂ ಅಂದಾಳ, ಇನ್ನ ಚಿಂತಿಲ್ಲ' ಅಂದಿದ್ರು."

ಮತ್ತೆ ಅವತ್ತು ಎಲ್ಲರ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವ ಹಕ್ಕು ನನಗೆಲ್ಲಿತ್ತು — ಆದರೂ ಕೇಳಿದೆ.

"ಯಾರು ನಂಬ್ತಿದ್ರು?"

ತಪ್ಪಾಯಿತು ಎಂದೆ. ಅವಳು ಬಸ್ಸಿಗೆ ಹೊತ್ತಾಗುತ್ತದೆ ಎಂದಳು.

ನಿನ್ನೆ ಚಿಕ್ಕಪ್ಪನಿಗೆ ಎಲ್ಲ ಹೇಳಿದೆ. ಸತ್ತವನ ಸುದ್ದಿ ಈಗ ಯಾಕೆ ಕೆದಕುತ್ತೀ ಎಂದು ಎದ್ದು ಒಳಗೆ ಹೋದರು. ಅವಳನ್ನು ಆಡಿಕೊಂಡ ಮನೆಗಳು ಕಂಪ್ಲಿಯಲ್ಲಿವೆ, ಕಮಲಾಪುರದಲ್ಲಿವೆ. ಒಂದೊಂದೇ ಮನೆಗೆ ಹೋಗಬೇಕು. ಕೂರಿಸಿದರೆ ಕೂತು, ಇಲ್ಲದಿದ್ದರೆ ನಿಂತೇ ಹೇಳಬೇಕು — ನಿರ್ಮಲಾ ನಿಜ ಹೇಳಿದ್ದಳು, ಸುಳ್ಳು ಹೇಳಿದವಳು ನಾನು.