ಸುಳ್ಳು ಲೈಬ್ರರಿ

ಸಾದಲಿಯ ಜ್ಯೋತಿಲಕ್ಷ್ಮಿ ಚಿಕ್ಕಬಳ್ಳಾಪುರದ ಸಣ್ಣ ಕಂಪನಿಯೊಂದರಲ್ಲಿ ಆಪ್ ಬರೆಯುತ್ತಾಳೆ. ದ್ರಾಕ್ಷಿ ತೋಟದವರು ಔಷಧಿ ಹೊಡೆಯುವ ಮುನ್ನ ಅವಳ ಆಪ್‌ನಲ್ಲಿ ಒತ್ತಿದರೆ, ಪಕ್ಕದಲ್ಲೇ ಹಿಪ್ಪುನೇರಳೆ ಬೆಳೆದವರಿಗೆ ‘ಇವತ್ತು ಸೊಪ್ಪು ಕೊಯ್ಯಬೇಡಿ’ ಎಂದು ಮೆಸೇಜ್ ಹೋಗುತ್ತದೆ. ಔಷಧಿ ಸೋಕಿದ ಸೊಪ್ಪು ತಿಂದ ರೇಷ್ಮೆಹುಳು ಬದುಕುವುದಿಲ್ಲ.

ಆಪ್ ಪರೀಕ್ಷೆಗೆ ಅವಳ ಹತ್ತಿರ ಇದ್ದದ್ದು ತನ್ನೂರಿನವರ ನಂಬರುಗಳೇ. ಒಮ್ಮೆ ಪರೀಕ್ಷೆಯ ಮೆಸೇಜ್ ಊರಿಗೆಲ್ಲ ಹೋಗಿಬಿಟ್ಟು, ಜನ ಸೊಪ್ಪು ಕೊಯ್ಯದೆ ಹುಳುಗಳನ್ನು ಉಪವಾಸ ಕೆಡವಿದರು. ಆಮೇಲೆ ಅವಳ ತಾಯಿ ಮುನಿಲಕ್ಷ್ಮಿಯ ಮನೆ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು. ಅದಕ್ಕೆ ಹೆದರಿ ಜ್ಯೋತಿ, ಕೋಡನ್ನು ಜೋಡಿಸಿ ಆಪ್ ಮಾಡಿಕೊಡುವ ಬಿಲ್ಡ್ ಟೂಲ್‌ನಲ್ಲಿ ಎರಡು ದಾರಿ ಮಾಡಿದಳು. ‘ಲೈವ್’ ಎಂದು ಬರೆದು ಬಿಲ್ಡ್ ಮಾಡಿದರೆ ನಿಜವಾಗಿ ಮೆಸೇಜ್ ಕಳಿಸುವ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಂತೆ, ಆಪ್‌ಗೆ ಸೇರುತ್ತದೆ. ಏನೂ ಬರೆಯದಿದ್ದರೆ ಸುಳ್ಳು ಲೈಬ್ರರಿ. ಅದು ಯಾರಿಗೂ ಏನೂ ಕಳಿಸದೆ ‘ತಲುಪಿದೆ’ ಎಂದು ತೋರಿಸುತ್ತದೆ.

ಆಪ್ ಬಿಡುಗಡೆಯ ದಿನ ಮಾಲೀಕ ಮುರಳಿಮೋಹನ್ ತಲೆಯ ಮೇಲೆ ನಿಂತು ಅವಸರ ಮಾಡಿದ. ಅವಳು ‘ಲೈವ್’ ಬರೆಯುವುದನ್ನು ಮರೆತಳು.

ಮರುದಿನ ಸಾದಲಿಯ ದ್ರಾಕ್ಷಿ ತೋಟದ ಮೋಹನ್‌ಬಾಬು ಆಪ್‌ನಲ್ಲಿ ಒತ್ತಿ ಔಷಧಿ ಹೊಡೆಸಿದ. ಅವನ ತೋಟಕ್ಕೆ ಅಂಟಿಕೊಂಡಿದ್ದದ್ದು ಮುನಿಲಕ್ಷ್ಮಿಯ ಸೊಪ್ಪಿನ ಹೊಲ ಒಂದೇ. ಮೆಸೇಜ್ ಬರದಿದ್ದರೆ ಧೈರ್ಯವಾಗಿ ಕೊಯ್ಯಿ ಎಂದು ಮಗಳೇ ಹೇಳಿದ್ದಳಲ್ಲ, ತಾಯಿ ಕೊಯ್ದು ಹುಳುಗಳಿಗೆ ಹಾಕಿದಳು. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ಹಸಿರು ರಸ ಕಕ್ಕಿ, ತಲೆ ಒದ್ದಾಡಿಸಿ ಸತ್ತವು.

“ನನ್ ಫೋನ್ ನೋಡ್ರಪ್ಪ, ತಲುಪಿದೆ ಅಂತ ಐತೆ. ಈಯಮ್ಮ ನೋಡ್ಕಳಲ್ಲ ಅಂದ್ರೆ ನಾನೇನ್ ಮಾಡ್ಲಿ?” ಎಂದ ಮೋಹನ್‌ಬಾಬು. ಊರೂ ಹೌದೆಂದಿತು. ಮುನಿಲಕ್ಷ್ಮಿಯನ್ನು ಬೈಯುವುದೆಂದರೆ ಆ ಊರಿಗೆ ಮೊದಲಿನಿಂದ ಖುಷಿ.

ಜ್ಯೋತಿ ತಪ್ಪು ಹೇಳಿಕೊಂಡಾಗ ಮುರಳಿಮೋಹನ್ ನಕ್ಕ. “ಬಾಯ್ಬಿಟ್ರೆ ಮೊದ್ಲು ಹೋಗೋದು ನಿನ್ ಕೆಲ್ಸ ಕಣಮ್ಮ. ಲೈವ್ ಹಾಕಿ ಇನ್ನೊಂದ್ಸಲ ಬಿಲ್ಡ್ ಮಾಡು, ಸಾಕು.” ಅವಳು ಮಾಡಿದಳು.

ಸಂಜೆ ಊರಿಗೆ ಬಂದವಳ ಕೈಗೆ ತಾಯಿ ಫೋನ್ ಕೊಟ್ಟಳು. “ಎಲ್ಲಾರೂ ನಂದೇ ತಪ್ಪು ಅಂತಾರೆ. ನಂಗೆ ಓದಕ್ಕೆ ಸರಿಯಾಗಿ ಬರಲ್ಲ. ನೀನೇ ನೋಡಿ ಹೇಳಮ್ಮ, ಬಂದಿತ್ತಾ?”

ಜ್ಯೋತಿ ನೋಡಿದಂತೆ ಮಾಡಿದಳು. ಎಂಥ ಕರುಳೋ ಅವಳದು!

“ಬಂದಿತ್ತಮ್ಮ. ನೀನೇ ಅಳಿಸ್ಬಿಟ್ಟಿದ್ದೀಯ.”

“ನನ್ ಕೈ ಸೇದೋಗ,” ಎಂದು ಮುನಿಲಕ್ಷ್ಮಿ ಹಣೆ ಚಚ್ಚಿಕೊಂಡಳು. ಆಮೇಲೆ ಸತ್ತ ಹುಳುಗಳನ್ನು ಬಾಚಿ ಬಾಚಿ ಬಿದಿರಿನ ಮಂಕರಿಗೆ ತುಂಬತೊಡಗಿದಳು. ಮಗಳು ಮಂಕರಿ ಹಿಡಿದುಕೊಂಡು ನಿಂತಳು.