ಪಾಯಿಂಟ್ ಬಿಡದ ಯಜಮಾನರು

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಯಾರಾದರೂ ಹೋಗಿಬಿಟ್ಟರೆ ಹೆಗಲು ಕೊಡಲು ನಾಲ್ಕು ಜನ ಸಿಗುವುದು ಕಷ್ಟ. ಅದೇ ಒಂದು ಗಾಡಿಯ ಬಾನೆಟ್ ಎತ್ತಿ ನೋಡಿ, ಬೀದಿಯ ಗಂಡಸರೆಲ್ಲ ಹಾಜರು. ಕರೆಯಬೇಕಾಗಿಲ್ಲ. ಕೈ ಹಿಂದೆ ಕಟ್ಟಿಕೊಂಡು ಎಂಜಿನ್ನಿನೊಳಗೆ ಇಣುಕಿ, "ಪೆಟ್ರೋಲ್ ಬರ್ತಿದ್ಯಾ?" ಎಂದು ಕೇಳುತ್ತಾರೆ. ಅದರಾಚೆಗೆ ಅವರಲ್ಲಿ ಒಬ್ಬರಿಗೂ ಏನೂ ಗೊತ್ತಿಲ್ಲ.

ನಮ್ಮದು ಪಾತ್ರೆ ಬಾಡಿಗೆಯ ಮನೆ. ಕೊಳಗ, ಕೊಪ್ಪರಿಗೆ, ಸೌಟು, ಜಮಖಾನ ಎಲ್ಲವನ್ನೂ ಮದುವೆ ಮುಂಜಿಗೆಂದು ಛತ್ರಗಳಿಗೆ ಕಳಿಸುತ್ತೇವೆ. ಗಿರಾಕಿಗಳನ್ನು ಹಿಡಿಯುವುದು, ಸೌಟು ಕಳೆದವರ ಜೊತೆ ಜಗಳವಾಡುವುದು ನನ್ನ ಪಾಲು. ಸಾಗಿಸುವುದು ನಮ್ಮ ಯಜಮಾನರ ಪಾಲು. ಅದಕ್ಕೆ ಮಾವನವರ ಕಾಲದ ಒಂದು ಹಸಿರು ಪಿಕಪ್ ಇದೆ. ರಸ್ತೆಯಲ್ಲಿ ಹೋಗುವ ಹುಡುಗರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ, ಅದನ್ನು ತಳ್ಳುವವರು ಅವರಲ್ಲವಲ್ಲ.

ಈ ಗಾಡಿಗೆ ಪಾಯಿಂಟ್ ಎಂಬುದೊಂದಿದೆ. ಎಂಜಿನ್ನಿನ ಪಕ್ಕದಲ್ಲಿರುವ ಕಪ್ಪು ಮುಚ್ಚಳದ ಕೆಳಗೆ ಎರಡು ಪುಟ್ಟ ಲೋಹದ ಚೂರುಗಳು. ಅವು ಕೂಡಿ ಬಿಟ್ಟು ಮಾಡಿದರೆ ಕಿಡಿ ಹುಟ್ಟುತ್ತದೆ, ಕಿಡಿ ಹುಟ್ಟಿದರೆ ಗಾಡಿ ಓಡುತ್ತದೆ. ಉಜ್ಜಿ ಉಜ್ಜಿ ಅವು ಸವೆಯುತ್ತಲೇ ಇರುತ್ತವೆ, ಆದ್ದರಿಂದ ಅವುಗಳ ನಡುವಿನ ಸಂದನ್ನು ಆಗಾಗ ಕೈಯಿಂದ ಸರಿಮಾಡಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಡಿ ಕೆಮ್ಮುತ್ತದೆ.

ಆ ಸಂದನ್ನು ಅಳೆಯಲು ತೆಳ್ಳನೆಯ ತಗಡಿನ ಪಟ್ಟಿಗಳು ಅಂಗಡಿಯಲ್ಲಿ ಸಿಗುತ್ತವಂತೆ. ನಮ್ಮವರು ಅವನ್ನು ಮುಟ್ಟುವವರಲ್ಲ. ಅವರ ಅಳತೆಗೋಲು ಲಗ್ನಪತ್ರಿಕೆ. ನಮ್ಮ ಮನೆಯಲ್ಲಿ ಅದಕ್ಕೇನು ಬರ? ಪಾತ್ರೆ ಹೇಳಲು ಬಂದವರೆಲ್ಲ ಅರಿಶಿನ ಹಚ್ಚಿ ಒಂದೊಂದು ಕೊಟ್ಟೇ ಹೋಗುತ್ತಾರೆ. ಅದರ ಮೂಲೆ ಕತ್ತರಿಸಿ ಸಂದಿಗೆ ತೂರಿಸಿ, ಬಿಗಿಯಾಗಿ ಜಾರಿದರೆ ಸರಿ ಎನ್ನುವುದು ಇವರ ವೇದ. ಈಗಿನ ಪತ್ರಿಕೆಗಳು ಹಪ್ಪಳದ ಮಣೆಯಷ್ಟು ದಪ್ಪವೆಂದು ಇವರಿಗೆ ಇಡೀ ಪೀಳಿಗೆಯ ಮೇಲೆಯೇ ಸಿಟ್ಟು. "ಇಷ್ಟು ದಪ್ಪ ಕಾರ್ಡ್ ಹಾಕ್ಸಿದೀರಲ್ಲ, ಏನಕ್ಕೆ ಉಪಯೋಗಕ್ಕೆ ಬರತ್ತೆ ಇದು?" ಎಂದು ಮದುವೆ ಹುಡುಗನ ತಂದೆಯನ್ನೇ ಕೇಳಿದರು ಒಮ್ಮೆ. ಆ ಮನುಷ್ಯ ಪಾಪ, ಊಟದ ದಿನ ಇವರನ್ನು ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದ.

ಇದೆಲ್ಲ ನಗುವ ಮಾತಾಯಿತು. ನಗಲಾರದ ಮಾತೊಂದಿತ್ತು. ಎರಡು ವರ್ಷದಿಂದ ಇವರ ಬಲಗೈ ನಡುಗುತ್ತಿತ್ತು. ಸ್ಟೀರಿಂಗ್ ಹಿಡಿದರೆ ಏನೂ ಇಲ್ಲ. ಕಾಫಿ ಲೋಟ, ಅಂಗಿಯ ಗುಂಡಿ, ಸ್ಕ್ರೂ, ಹೀಗೆ ಸಣ್ಣದೇನು ಹಿಡಿದರೂ ಬೆರಳುಗಳು ಮಾತು ಕೇಳುವುದಿಲ್ಲ. ಇವರು ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ. ಕಾಫಿಯನ್ನು ಅರ್ಧ ಲೋಟ ಬಗ್ಗಿಸತೊಡಗಿದೆ. ಯಾಕೆ ಕಡಿಮೆ ಎಂದು ಜಗಳ ತೆಗೆಯಬೇಕಾದ ಮನುಷ್ಯ ಸುಮ್ಮನೆ ಕುಡಿದು ಲೋಟ ಇಟ್ಟರು. ಬಾನೆಟ್ಟಿನ ಕೆಳಗಿನ ಯಜಮಾನಿಕೆ ಒಂದು ಹೋದರೆ ಇವರಿಗೆ ಉಳಿಯುವುದೇನು ಎಂದು ನನಗೆ ಭಯ. ಅದಕ್ಕೇ ಸುಮ್ಮನಿದ್ದೆ.

ಆಮೇಲೆ ಒಂದು ದಿನ ಮಲ್ಲೇಶ್ವರದ ಛತ್ರವೊಂದಕ್ಕೆ ಕೊಳಗ ತುಂಬಿಕೊಂಡು ಹೊರಟವರು ಓಕಳಿಪುರಂ ಹತ್ತಿರ ಗಾಡಿ ಕೆಟ್ಟು ನಿಂತೆವು. ಹಿಂದೆ ಬಸ್ಸು, ಆಟೋ, ಎಲ್ಲ ಸೇರಿ ಹಾರನ್ನಿನ ಅಷ್ಟೋತ್ತರ. ಇವರು ಇಳಿದು ಮುಚ್ಚಳ ಬಿಚ್ಚಿದರು. ಸ್ಕ್ರೂ ಕೈಯಿಂದ ಜಾರಿತು. ಹುಡುಕಿ ಕೊಟ್ಟೆ. ಮತ್ತೆ ಜಾರಿತು. ಸ್ಕ್ರೂಡ್ರೈವರ್ ಸರಿಯಿಲ್ಲ ಎಂದರು, ರಸ್ತೆ ಇಳಿಜಾರು ಎಂದರು, ಕೊನೆಗೆ ಸರ್ಕಾರವನ್ನೂ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಮಾಡಿದವರು ನಮ್ಮ ಯಜಮಾನರನ್ನು ನೋಡಿರಲಿಲ್ಲ, ಅದಕ್ಕೇ ಹೆಂಗಸಿನ ತಲೆಗೆ ಕಟ್ಟಿದ್ದಾರೆ. ಛತ್ರಕ್ಕೆ ನಾವು ಮುಟ್ಟುವಷ್ಟರಲ್ಲಿ ಅಡುಗೆಯವರು ಪಕ್ಕದ ಛತ್ರದ ಪಾತ್ರೆ ಕಡ ತಂದು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ನನಗೆ ಅವಮಾನದಿಂದ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದು ನನ್ನ ತಮ್ಮನಿಗೆ ಫೋನ್ ಮಾಡಿದೆ. ಅವನು ತ್ಯಾಗರಾಜನಗರದಲ್ಲಿದ್ದಾನೆ, ಹಳೇ ಗಾಡಿಗಳ ಹುಚ್ಚು. ಪಾಯಿಂಟ್ ಕಿತ್ತು ಆ ಜಾಗದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಎಂಬ ಸಣ್ಣ ಕಪ್ಪು ಡಬ್ಬಿ ಕೂರಿಸಬಹುದು, ಉಜ್ಜುವುದಿಲ್ಲ, ಸವೆಯುವುದಿಲ್ಲ, ಕೈ ಹಾಕುವುದೇ ಬೇಡ ಎಂದ. ಕೈ ಹಾಕುವುದೇ ಬೇಡ ಎಂದದ್ದು ನನ್ನ ಕಿವಿಗೆ ಅಮೃತ ಬಿದ್ದ ಹಾಗಾಯಿತು.

ಇವರಿಗೆ ಹೇಳಿದರೆ ಉರಿದು ಬಿದ್ದರು. "ಪಾಯಿಂಟ್ ಕೆಟ್ರೆ ರಸ್ತೇಲೇ ಸರಿಮಾಡ್ಬೋದು. ಆ ಡಬ್ಬಿ ಕೆಟ್ರೆ? ಮಂಗಳಾರತಿ ಎತ್ಬೇಕಷ್ಟೆ!"

"ಮೈಲೇಜ್ ಜಾಸ್ತಿ ಬರತ್ತೆ ಭಾವ," ಎಂದ ತಮ್ಮ ಫೋನಿನಲ್ಲಿ. ಅವನಿಗೆ ನಾನು ಹೇಳಿಕೊಟ್ಟಿದ್ದೇ ಅದು.

ಯಜಮಾನರು ಒಂದು ವಾರ ಯೋಚಿಸಿದರು. ಒಂದು ಬೆಳಿಗ್ಗೆ ಎದುರು ಮನೆಯ ನಿವೃತ್ತ ಲೆಕ್ಚರರಿಗೆ ಇವರೇ ಹೇಳುವುದು ಕೇಳಿಸಿತು: "ಎಲೆಕ್ಟ್ರಾನಿಕ್ ಹಾಕಿಸ್ಬಿಡೋಣ ಅಂತಿದೀನಿ ಸಾರ್. ಮೈಲೇಜ್ ನೋಡಿ." ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆಗಲಿ, ಮೀಸೆ ಇಟ್ಟುಕೊಳ್ಳಿ, ಗಾಡಿ ಓಡಿದರೆ ಸಾಕು ಎಂದುಕೊಂಡೆ.

ಭಾನುವಾರ ತಮ್ಮ ಬಂದ. ಬಾನೆಟ್ ಎತ್ತಿದ. ಸಭೆ ಸೇರಿತು. ಲೆಕ್ಚರರು ಕಿಡಿ ಎಂದರೇನು ಎಂಬ ವಿಷಯದ ಮೇಲೆ ಪಾಠ ಶುರುಮಾಡಿದರು, ಅವರು ಮೂವತ್ತು ವರ್ಷ ಹೇಳಿಕೊಟ್ಟದ್ದು ಇತಿಹಾಸ. ನನ್ನ ತಮ್ಮ ಹಳೇ ಪಾಯಿಂಟನ್ನು ಬಿಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟು, ಡಬ್ಬಿ ಕೂರಿಸಿ, ಎರಡು ವೈರ್ ಸೇರಿಸಿ ಕೀ ತಿರುಗಿಸಿದ. ಅಬ್ಬಬ್ಬಾ! ಅರ್ಧ ಸುತ್ತಿಗೇ ಎಂಜಿನ್ ಎದ್ದಿತು. ಕೆಮ್ಮಿಲ್ಲ, ದಮ್ಮಿಲ್ಲ. ನನಗಂತೂ ಕುಣಿಯುವಷ್ಟು ಸಂತೋಷ. ಇವರ ಮುಖ ನೋಡಿದೆ. ಹೊಸ ಸೊಸೆಯ ಅಡುಗೆ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದಾಗ ಅತ್ತೆಯ ಮುಖ ಹೇಗಿರುತ್ತದೆಯೋ ಹಾಗಿತ್ತು.

"ಒಂದೇ ಒಂದು ಜ್ಞಾಪಕ ಇಟ್ಕೊಳ್ಳಿ ಭಾವ," ಎಂದ ತಮ್ಮ. "ಎಂಜಿನ್ ಆಫ್ ಇದ್ದಾಗ ಕೀ ಆನ್ ಬಿಡ್ಬೇಡಿ. ಡಬ್ಬಿ ಸುಟ್ಟೋಗತ್ತೆ." ಇವರು ತಲೆಯಾಡಿಸಿದರು. ಇವರು ತಲೆಯಾಡಿಸಿದರೆ ಕೇಳಿಸಿಕೊಂಡಿಲ್ಲ ಎಂದರ್ಥ, ಅದು ತಮ್ಮನಿಗೆ ಗೊತ್ತಿರಲಿಲ್ಲ. ಅವನು ಕೈ ತೊಳೆದು ತಿಂಡಿ ತಿನ್ನಲು ಒಳಗೆ ಹೋದ.

ಅಷ್ಟರಲ್ಲಿ ಪುರೋಹಿತರು ಬಂದರು. ಪೂಜೆಯಿಲ್ಲದೆ ಹೊಸ ಸಾಮಾನು ಹಾಕಿದ ಗಾಡಿ ಹೊರಡುವುದುಂಟೆ? ನಿಂಬೆಹಣ್ಣು ಚಕ್ರದ ಕೆಳಗೆ ಬಿತ್ತು, ಬಾನೆಟ್ಟಿಗೆ ಹಾರ ಬಿತ್ತು. ಹೊಗೆಗೆ ಪುರೋಹಿತರು ಕೆಮ್ಮಿ, ಎಂಜಿನ್ ನಿಲ್ಲಿಸಿ ಎಂದರು. ನಿಲ್ಲಿಸಿದ ನಮ್ಮ ಯಜಮಾನರು ಮತ್ತೆ ಕೀಯನ್ನು ಅರ್ಧ ತಿರುಗಿಸಿಟ್ಟರು. ಮಾವನವರ ಕಾಲದಿಂದ ನಮ್ಮ ಮನೆಯಲ್ಲಿ ಅದೊಂದು ಪದ್ಧತಿ. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಪೂಜೆ ಮುಗಿಯುವವರೆಗೆ ಅದು ಆರಬಾರದು. ಪ್ರತಿ ಆಯುಧಪೂಜೆಗೂ ಹಾಗೆಯೇ. ಪಾಯಿಂಟ್ ಇದ್ದ ಕಾಲದಲ್ಲಿ ಅದರಿಂದ ಯಾವ ಅನಾಹುತವೂ ಆಗಿರಲಿಲ್ಲ. ನನಗೂ ಹೊಳೆಯಲಿಲ್ಲ, ನಾನು ಆ ಕೆಂಪು ದೀಪ ನೋಡಿ ಕೈ ಮುಗಿದೆ.

ಪುರೋಹಿತರಿಗೆ ಭಾನುವಾರ ಬೇರೆ ಕೆಲಸವಿರಲಿಲ್ಲವೋ ಏನೋ. ಸಂಕಲ್ಪದಲ್ಲಿ ನಮ್ಮ ಗೋತ್ರ, ನಕ್ಷತ್ರ, ಹೋದವರು, ಬಂದವರು ಎಲ್ಲರನ್ನೂ ಕರೆದರು. ಮಧ್ಯೆ ಫೋನ್ ಬಂತು, ಇನ್ನೊಂದು ಮನೆಯ ಸತ್ಯನಾರಾಯಣ ಪೂಜೆಗೆ ಪಟ್ಟಿ ಹೇಳಿದರು. ಕರ್ಪೂರ ಒದ್ದೆಯಾಗಿ ಹತ್ತಿಕೊಳ್ಳದೆ ಹೊಸದು ತರಿಸಿದರು. ಬೂದುಗುಂಬಳಕಾಯಿ ಒಡೆದು ಎಲ್ಲ ಮುಗಿದು, ಇವರು ಠೀವಿಯಿಂದ ಕೂತು ಸ್ಟಾರ್ಟ್ ಮಾಡಿದರು. ಎಂಜಿನ್ ಸುಮ್ಮನೆ ತಿರುಗಿತು, ಏಳಲಿಲ್ಲ. ಬಾನೆಟ್ಟಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ.

ತಮ್ಮ ಓಡಿ ಬಂದ. "ಕೀ ಆನ್ ಇಟ್ಟಿದ್ರಾ ಭಾವ?"

"ಪೂಜೆಗೆ ದೀಪ ಬೇಡ್ವೇನಪ್ಪಾ?"

ತಮ್ಮ ತಲೆ ಚಚ್ಚಿಕೊಂಡ. ಯಜಮಾನರಿಗೆ ಮಾತ್ರ ಮೊಮ್ಮಗ ಹುಟ್ಟಿದಷ್ಟು ಖುಷಿ. "ನಾನು ಬಡ್ಕೊಂಡೆ! ಡಬ್ಬಿ ನಂಬಿದ್ರೆ ಹಿಂಗೇ ಆಗೋದು ಅಂತ! ತಗೊಂಬಾ ನನ್ ಪಾಯಿಂಟು." ಸಂಜೆಯೊಳಗೆ ಗಾಂಧಿ ಬಜಾರಿನ ಹತ್ತಿರದ ಛತ್ರಕ್ಕೆ ಪಾತ್ರೆ ಮುಟ್ಟಬೇಕಿತ್ತು, ಭಾನುವಾರವಾದ್ದರಿಂದ ಗ್ಯಾರೇಜುಗಳೆಲ್ಲ ಬಾಗಿಲು ಹಾಕಿದ್ದವು. ತಮ್ಮನಿಗೆ ಡಬ್ಬಿ ಕೂರಿಸುವುದು ಬರುತ್ತದೆ, ಪಾಯಿಂಟಿನ ಸಂದು ಹಿಡಿಯುವುದು ಬರುವುದಿಲ್ಲ. ಇವರು ಅಂಗಿಯ ತೋಳು ಮಡಿಸಿ, ಪತ್ರಿಕೆಯ ತುಂಡು ಹಿಡಿದು ಇಡೀ ಬೀದಿಯ ಎದುರು ಬಗ್ಗಿದರು. ಸಂಭ್ರಮದಲ್ಲಿ ಸ್ವಂತ ಕೈಯನ್ನೇ ಮರೆತಿದ್ದರು ಪುಣ್ಯಾತ್ಮ.

ಕೈ ಮರೆತಿರಲಿಲ್ಲ. ಪತ್ರಿಕೆಯ ತುಂಡು ಗಾಳಿಗೆ ಸಿಕ್ಕ ಎಲೆಯಂತೆ ಅದುರಿತು. ಸ್ಕ್ರೂ ಠಣ್ಣೆಂದು ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಯಿ ಮುಚ್ಚದ ಗಂಡಸರು ಬಾಯಿ ಮುಚ್ಚಿದರು. ಒಬ್ಬರು ಆಕಾಶ ನೋಡಿದರು, ಒಬ್ಬರು ಮೋರಿ ನೋಡಿದರು, ಲೆಕ್ಚರರು ಕನ್ನಡಕ ತೆಗೆದು ಒರೆಸಿದರು. ಆ ಮೌನ ನೋಡಿ ನನಗೆ ಮೈಯೆಲ್ಲ ಉರಿಯಿತು. ಇವರನ್ನು ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡುಬಿಡೋಣ ಎನಿಸಿತು.

ಇವರು ನೆಟ್ಟಗೆ ನಿಂತರು. ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದರು. "ನಡುಗತ್ತೆ ಕಣ್ರಿ," ಎಂದರು. "ಎರಡು ವರ್ಷ ಆಯ್ತು."

ಲೆಕ್ಚರರು ಕನ್ನಡಕ ಹಾಕಿಕೊಂಡು ಮೆಲ್ಲನೆ ಹೇಳಿದರು, "ಗೊತ್ತು ಬಿಡಿ ಸಾರ್. ಬೀದಿಗೆಲ್ಲಾ ಗೊತ್ತು. ನಿಮಗೇ ಗೊತ್ತಿಲ್ವೇನೋ ಅಂದ್ಕೊಂಡಿದ್ವಿ."

ಇವರು ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ನನ್ನ ಕಡೆ ತಿರುಗಿದರು. "ನಿಂಗೂ ಗೊತ್ತಿತ್ತಾ?"

"ದಿನಾ ಕಾಫಿ ಕೊಡೋಳು ನಾನು ರೀ."

"ಮತ್ಯಾಕೆ ಹೇಳ್ಲಿಲ್ಲ?"

"ನೀವ್ ಹೇಳ್ತೀರಿ ಅಂತ ಕಾಯ್ತಿದ್ದೆ." ಹೇಳುವಾಗ ಸಿಟ್ಟೋ ದುಃಖವೋ, ಎರಡೂ ಇತ್ತು.

ಇವರು ಮಡ್‌ಗಾರ್ಡಿಗೆ ಒರಗಿ ನಿಂತರು. "ನಿನ್ ತಮ್ಮಂಗೆ ಇನ್ನೊಂದು ಡಬ್ಬಿ ತರಿಸೋಕೆ ಹೇಳು," ಎಂದರು. ಆಮೇಲೆ ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿದರು, ಅದೂ ಅದುರುತ್ತಿತ್ತು, ಮುಚ್ಚಿಡಲು ಹೋಗಲಿಲ್ಲ. "ಇವತ್ತಿಗೆ ಸಂದು ನೀನೇ ಹಿಡಿ ಬಾ. ನಾನು ಹೇಳ್ಕೊಡ್ತೀನಿ."

ಸೆರಗು ಸಿಕ್ಕಿಸಿಕೊಂಡು ಬಗ್ಗಿದೆ. ನನ್ನ ಪಕ್ಕದಲ್ಲೇ ಇವರೂ ಬಗ್ಗಿದರು. ಗಂಡಸರ ಸಭೆ ಮೆಲ್ಲನೆ ಹತ್ತಿರ ಸರಿಯಿತು, ಯಾರೋ ಪೆಟ್ರೋಲ್ ಬರ್ತಿದ್ಯಾ ಎಂದರು. "ಅಷ್ಟು ಬಿಗಿ ಯಾಕೇ? ಉಪ್ಪಿನಕಾಯಿ ಜಾಡಿ ಮುಚ್ಚಳ ಅಂದ್ಕೊಂಡ್ಯಾ? ನಿಧಾನ!" ಎಂದು ಯಜಮಾನರು ಇಡೀ ಬೀದಿಗೆ ಕೇಳುವಂತೆ ನನ್ನನ್ನು ಬೈದರು. ಬೈಯಲಿ ಎಂದು ಬಿಟ್ಟೆ.