ಮಾವನ ಮುಂದೆ ಹೇಳಿದ ಹೆಸರು

ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳುವುದೆಂದರೆ ನಾಲಗೆಯ ಮೇಲೆ ಕೆಂಡ ಇಟ್ಟುಕೊಂಡ ಹಾಗೆ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಿರಿಯರು ಹೇಳಿದ್ದರು, ನಾವು ನಂಬಿದ್ದೆವು. ಆದವಾನಿಯಲ್ಲಿ ನಮ್ಮ ಎದುರು ಮನೆಯಾಕೆಯ ಗಂಡನ ಹೆಸರೂ ಮಲ್ಲಿಗೆಯೂ ಒಂದೇ ಅಕ್ಷರದಿಂದ ಶುರುವಾಗುತ್ತಿದ್ದವು. ಆಕೆ ಸಾಯುವ ತನಕ ಮಲ್ಲಿಗೆಯನ್ನು 'ಬಿಳೇ ಹೂವು' ಎಂದೇ ಕರೆದಳು. ಹೂವು ಮಾರುವವಳೂ ಅದನ್ನೇ ಕಲಿತು, ಆ ಬಾಗಿಲಿಗೆ ಬಂದಾಗ ಮಾತ್ರ 'ಬಿಳೇ ಹೂವು ಬೇಕೇನ್ರೀ' ಎಂದು ಕೂಗುತ್ತಿದ್ದಳು. ಈಗಿನ ಹುಡುಗಿಯರು ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಾರೆ. ನನ್ನ ತಮ್ಮನ ಮೊಮ್ಮಗಳು ಗಂಡನನ್ನು ಹೆಸರು ಹಿಡಿದು ಕೂಗುತ್ತಾಳೆ, ಅದೂ ಅಡುಗೆ ಮನೆಯಿಂದ ಪಡಸಾಲೆಗೆ ಕೇಳುವ ಹಾಗೆ. ನನಗೆ ಸಿಟ್ಟು ಬರುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಸಿಟ್ಟಲ್ಲ, ಹೊಟ್ಟೆಕಿಚ್ಚು.

ಹೆಸರು ಹೇಳಲು ನಮಗೂ ಒಂದು ಜಾಗ ಇತ್ತು. ಮದುವೆಯಾಗಿ ಗಂಡನ ಮನೆಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಆಗ ಒಡಪು ಕಟ್ಟಿ ಹೇಳಬೇಕು, ಎರಡು ಮೂರು ಸಾಲಿನ ಪದ್ಯ, ಅದರ ಹೊಟ್ಟೆಯೊಳಗೆ ಹೆಸರು. ಒಡಪಿನೊಳಗೆ ಹೇಳಿದ ಹೆಸರಿಗೆ ದೋಷವಿಲ್ಲ. ಆದರೆ ಹೊಸ್ತಿಲು ಇರಬೇಕು, ಸುತ್ತ ಹೆಂಗಸರಿರಬೇಕು. ಮಾವ, ಭಾವ ಯಾರೂ ಕೇಳುವಷ್ಟು ಹತ್ತಿರ ಇರಬಾರದು.

ನನ್ನ ತವರು ಹಾಲಹರವಿ. ಅಲ್ಲಿಂದ ಬಂದ ದಿನ ಆದವಾನಿಯ ಆ ಹೊಸ್ತಿಲ ಮೇಲೆ ನಾನು ಹೇಳಿದ್ದು ನನ್ನದೇ ಒಡಪು:

'ಅರಳಿ ಎಳಿ ಹಿಡದು ನೋಡ್ತಾರ, ಸುಳ್ಳು ಆಡಂಗಿಲ್ಲ,
ಹಿಡದ ಕೈ ನಡುದಾರ್ಯಾಗ ಬಿಡಂಗಿಲ್ಲ,
ಇಂಥವರ ಹೆಸರ ಹೇಳೀನಿ, ಇನ್ನ ಬಾಗಲ ತಡಿಯಂಗಿಲ್ಲ.'

'ಇಂಥವರ' ಎಂದು ಬರೆದ ಕಡೆ ಅವರ ಹೆಸರಿತ್ತು. ಪಕ್ಕದಲ್ಲಿ ಸೆರಗಿನ ಗಂಟು ಹಿಡಿದು ನಿಂತಿದ್ದವರು ಮೆಲ್ಲಗೆ, 'ಛಲೋ ಕಟ್ಟೀದಿ' ಎಂದರು. ನನ್ನ ಬಾಯಿಂದ ಅವರು ತಮ್ಮ ಹೆಸರು ಕೇಳಿದ್ದು ಆವತ್ತು, ಅದೊಂದೇ ಸಲ.

ನಮ್ಮ ಮಾವ ಹತ್ತಿ ಬಜಾರಿನ ದಲ್ಲಾಳಿ. ಅವರ ಈ ಮಗ ಅರಳೆಯ ಎಳೆಯನ್ನು ಎರಡು ಬೆರಳಲ್ಲಿ ಎಳೆದು ನೋಡಿ, ಇದು ಯಾವ ಊರಿನ ಕರಿಮಣ್ಣಿನದು ಎಂದು ಹೇಳುತ್ತಿದ್ದರು. ಆ ಕೈಯ ಗುಣ ಕಂಡ ಒಬ್ಬ ದೊಡ್ಡ ವ್ಯಾಪಾರಿ ಅವರನ್ನು ಬರ್ಮಾದ ರಂಗೂನಿನಲ್ಲಿದ್ದ ತನ್ನ ಅಂಗಡಿಗೆ ಕರೆದುಕೊಂಡು ಹೋದ. ಒಂದು ಕೋಣೆ ನೋಡಿ, ನೆಲೆಯಾಗಿ, ನನ್ನನ್ನು ಕರೆಸಿಕೊಳ್ಳುವುದೆಂದು ಮಾತಾಗಿತ್ತು. ಕೋಣೆ ಸಿಕ್ಕಿತು. ಕಿಟಕಿಯಿಂದ ಹೊಳೆ ಕಾಣುತ್ತದೆ, ಗುರೆಳ್ಳು ಚಟ್ನಿಪುಡಿ ತರುವುದು ಮರೆಯಬೇಡ ಎಂದು ಬರೆದರು. ಅಷ್ಟರಲ್ಲಿ ಸರಕಾರದವರು ಹೊಸ ಕಾಯಿದೆ ತಂದರು. ಅಲ್ಲಿಯ ತನಕ ರಂಗೂನಿಗೆ ಹಡಗಿನ ಟಿಕೀಟು ತೆಗೆಸಿದರೆ ಮುಗಿಯುತ್ತಿತ್ತು. ಇನ್ನು ಮೇಲೆ ಪಾಸ್‌ಪೋರ್ಟು ಬೇಕು, ಅಪ್ಪಣೆ ಚೀಟಿ ಬೇಕು, ಗಂಡನ ಹತ್ತಿರ ಹೋಗುವವಳು ನಿಜವಾಗಿ ಅವನ ಹೆಂಡತಿಯೇ ಎಂದು ರುಜುವಾತಾಗಬೇಕು.

'ಗಂಡನ ಮನಿಗೆ ಹೋಗಾಕ ತಾಳಿ ಸಾಲದಂತೇನು? ಸರಕಾರದ ಕಾಗದಾನೂ ಬೇಕಂತ?' ಎಂದು ಅತ್ತೆ ಮಾವನ ಮೇಲೆ ಹರಿಹಾಯ್ದರು, ಕಾಯಿದೆ ಮಾಡಿದವರು ಮಾವನೇ ಎಂಬಂತೆ.

ಮಾವ ಅರ್ಜಿ ಹಾಕಿಸಿದರು. ಫೋಟೋ ತೆಗೆಸಿದರು. ಫೋಟೋದವನು ಸೆರಗು ಹಿಂದೆ ಸರಿಸಿ ಎಂದಾಗ ಅತ್ತೆ ಮುಂದೆ ಬಂದು ಇನ್ನೊಂದು ಗೇಣು ಕೆಳಗೆ ಎಳೆದರು. ಆ ಫೋಟೋದಲ್ಲಿ ಮೂಗುತಿ ಇದೆ, ನಾನು ಇದ್ದೇನೋ ಇಲ್ಲವೋ ಹೇಳುವುದು ಕಷ್ಟ. ಅರ್ಜಿ ಬಳ್ಳಾರಿಗೆ ಹೋಯಿತು. ಆಗ ನಮ್ಮದು ಬಳ್ಳಾರಿ ಜಿಲ್ಲೆ. ಅಲ್ಲಿಂದ ವಿಚಾರಣೆಗೆಂದು ಆದವಾನಿಗೇ ವಾಪಸು ಬಂತು, ನಮ್ಮನ್ನು ಕಚೇರಿಗೆ ಕರೆದರು.

ಮಾವ ಮುಂದೆ, ನಾನು ಹಿಂದೆ. ವಿಚಾರಣೆಯ ಅಧಿಕಾರಿ ತೆಲುಗಿನವರು, ಕೆಟ್ಟವರಲ್ಲ. ಕೂರಲು ಬೆಂಚು ಕೊಡಿಸಿದರು. ಮದುವೆ ಎಲ್ಲಿ ಆಯಿತು, ಯಾವ ಸ್ವಾಮಿಗಳು ಮಾಡಿಸಿದರು, ಎಲ್ಲವನ್ನೂ ಮಾವನನ್ನೇ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, 'ಮೀ ಆಯನ ಪೇರು ಚೆಪ್ಪಮ್ಮಾ' ಎಂದರು. ನಿಮ್ಮ ಯಜಮಾನರ ಹೆಸರು ಹೇಳಮ್ಮಾ.

ಮಾವ ತಾವೇ ಹೇಳಿದರು. ಅಧಿಕಾರಿ ಕೈ ಎತ್ತಿದರು. 'ಮೀರು ಕಾದಂಡಿ, ಅಮ್ಮಾಯೇ ಚೆಪ್ಪಾಲಿ.' ನೀವಲ್ಲ, ಹುಡುಗಿಯೇ ಹೇಳಬೇಕು. ಯಾರದೋ ಹೆಂಡತಿಯನ್ನು ಯಾರದೋ ಹೆಸರಲ್ಲಿ ಹಡಗು ಹತ್ತಿಸಿದವರು ಸಿಕ್ಕಿಬಿದ್ದಿದ್ದಾರೆ, ಹೆಣ್ಣುಮಗಳ ಬಾಯಿಂದಲೇ ಕೇಳಬೇಕೆಂದು ಮೇಲಿನವರ ಹುಕುಂ ಇದೆ ಎಂದು ವಿವರಿಸಿದರು.

ನಾನು ನೆಲ ನೋಡಿದೆ. ಮಾವನಿಗೆ ನನ್ನ ಸಂಕಟ ತಿಳಿಯಿತು. ಕೆಮ್ಮಿ, 'ನೀರು ಕುಡದು ಬರ್ತೀನ್ರಿ' ಎಂದು ಹೊರಗೆ ಹೋದರು. ಬಾಯಾರಿಕೆ ಏನೂ ಇರಲಿಲ್ಲ, ನನಗೆ ದಾರಿ ಬಿಟ್ಟುಕೊಟ್ಟರು ಅಷ್ಟೆ. ಅಷ್ಟು ದೊಡ್ಡ ಮನಸ್ಸು ಅವರದು. ಆದರೆ ಅವರು ಹೋದ ಮೇಲೆ ಅಲ್ಲಿ ಉಳಿದವರು ಅಧಿಕಾರಿ, ಗುಮಾಸ್ತ, ಜವಾನ. ಮೂರು ಜನ ಪರಗಂಡಸರ ನಡುವೆ ನಾನೊಬ್ಬಳೇ. ಹೆಸರು ಹೇಳಲು ನನಗೆ ಗೊತ್ತಿದ್ದ ರೀತಿ ಒಂದೇ. ಕಣ್ಣು ಮುಚ್ಚಿ ಶುರು ಮಾಡಿದೆ: 'ಅರಳಿ ಎಳಿ ಹಿಡದು ನೋಡ್ತಾರ, ಸುಳ್ಳು ಆಡಂಗಿಲ್ಲ...'

ಎರಡನೆಯ ಸಾಲಿಗೆ ಜವಾನ ಕಿಸಕ್ಕೆಂದ. ಗುಮಾಸ್ತ ಲೇಖಣಿ ಕೆಳಗಿಟ್ಟು, 'ಪಾಟ ಬಾಗುಂದಮ್ಮಾ, ಪೇರು?' ಎಂದ. ಹಾಡು ಚೆನ್ನಾಗಿದೆ, ಹೆಸರೆಲ್ಲಿ? ಹೆಸರು ಮುಂದಿನ ಸಾಲಿನಲ್ಲೇ ಇತ್ತು. ಇನ್ನೊಂದು ಉಸಿರು ಸಾಕಾಗಿತ್ತು. ಆದರೆ ಆ ನಗುವಿನ ನಡುವೆ ಅವರ ಹೆಸರನ್ನು ಹಾಕಲು ನನಗೆ ಮನಸ್ಸು ಒಪ್ಪಲಿಲ್ಲ. ಬಾಯಿ ಕಟ್ಟಿತು. ಅಧಿಕಾರಿ ಜವಾನನನ್ನು ಗದರಿಸಿದರು, ನನಗೆ ನೀರು ತರಿಸಿಕೊಟ್ಟರು, ಮತ್ತೆರಡು ಸಲ ಕೇಳಿದರು. ಕೊನೆಗೆ, ಈಕೆ ಹೆಂಡತಿ ಎಂಬುದು ಖಾತ್ರಿಯಾಗಿಲ್ಲ, ಮರುವಿಚಾರಣೆ ಆಗಬೇಕು ಎಂದು ಬರೆದರು.

ಮನೆಯಲ್ಲಿ ಅತ್ತೆ ಬೈಯಲಿಲ್ಲ. 'ನನ್ನ ಸೊಸಿ ಮರ್ಯಾದಿ ಬಿಡಲಿಲ್ಲ' ಎಂದು ಎದುರು ಮನೆಯಾಕೆಗೆ ಹೆಮ್ಮೆಯಿಂದ ಹೇಳಿದ್ದು ಕೇಳಿಸಿತು. ಹೌದು, ಮರ್ಯಾದೆ ಉಳಿಯಿತು. ನಾನೂ ಉಳಿದೆ.

ದೀಪಾವಳಿಗೆ ಮುಂಚೆ ಅವರ ಕಾಗದ ಬಂತು. ಒಂದೋ ನೀನು ಬರಬೇಕು, ಇಲ್ಲ ನಾನು ಬರಬೇಕು, ಅಪ್ಪಣೆ ಸಿಗುವುದಿಲ್ಲವೆಂದರೆ ಹಬ್ಬಕ್ಕೆ ಕೆಲಸ ಬಿಟ್ಟು ಬಂದುಬಿಡುತ್ತೇನೆ ಎಂದಿದ್ದರು. ಮಾವ ಕಟ್ಟೆಯ ಮೇಲೆ ಕೂತು ನನ್ನಿಂದ ಓದಿಸಿಕೊಂಡು, ಇನ್ನೊಂದು ವಿಚಾರಣೆ ಇದೆ, ಆಗುವ ಹಾಗೆ ಕಾಣುತ್ತದೆ, ಅವಸರ ಮಾಡಬೇಡ ಎಂದು ಉತ್ತರ ಬರೆಸಿದರು. ಬರೆದವಳು ನಾನೇ. ಮಾವನಿಗೆ ಕಣ್ಣು ಮಂಜು. ಅವಸರ ಮಾಡಬೇಡ ಎಂಬ ಮಾತು ನನಗೂ ಸರಿಯೆಂದೇ ಕಂಡಿತ್ತು. ಕಿಟಕಿಯಿಂದ ಹೊಳೆ ಕಾಣುವ ಆ ಕೋಣೆ ನನಗೂ ಬೇಕಾಗಿತ್ತು. ಅವರು ಕಾದರು.

ಮರುವಿಚಾರಣೆಗೆ ಆ ಅಧಿಕಾರಿಯೇ ಮನೆಗೆ ಬಂದರು. ಈ ಸಲ ಅತ್ತೆ ಉಪಾಯ ಮಾಡಿದ್ದರು. ಓಣಿಯ ಹೆಂಗಸರನ್ನೆಲ್ಲ ಕರೆದು ಪಡಸಾಲೆಯಲ್ಲಿ ಕೂರಿಸಿದರು. ಮಾವನನ್ನು ಬಜಾರಿಗೆ ಕಳಿಸಿದರು. ಅಧಿಕಾರಿಗೆ ಹೊರಗೆ ಕಟ್ಟೆಯ ಮೇಲೆ ಕಂಬಳಿ ಹಾಸಿ, 'ನೀವು ಅತ್ತಾಗ ಮುಖ ಮಾಡಿ ಕುಂದರ್ರಿ ಸಾಹೇಬ್ರ, ಕಿವಿ ಇತ್ತಾಗ ಇರಲಿ' ಎಂದರು. ನನ್ನನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ನಾದಿನಿಯನ್ನು ಬಾಗಿಲಿಗೆ ಅಡ್ಡ ಹಾಕಿದರು. ಮದುವೆಯ ದಿನದ ಹಾಗೆಯೇ ಒಡಪು ಹೇಳಿದೆ, ಪೂರ್ತಿ. ಹೆಂಗಸರು ಹೋ ಎಂದರು. ಅಧಿಕಾರಿ ಬೀದಿ ನೋಡುತ್ತಲೇ ಬರೆದುಕೊಂಡರು. ಎದ್ದು ಹೋಗುವಾಗ, 'ಮಾ ಇಂಟ್ಲೋ ಕೂಡಾ ಅಂತೇನಮ್ಮಾ' ಎಂದು ಅತ್ತೆಗೆ ಹೇಳಿದರು. ಅವರ ಮನೆಯಲ್ಲೂ ಹಾಗೆಯೇ ಅಂತೆ. ಈ ಮಾತನ್ನು ಮೊದಲೇ ಹೇಳಬಾರದಿತ್ತೇ ಪುಣ್ಯಾತ್ಮ.

ಚಳಿ ಶುರುವಾದ ಮೇಲೆ ಪಾಸ್‌ಪೋರ್ಟು ಬಂತು, ಅಪ್ಪಣೆಯೂ ಬಂತು. ಮದರಾಸಿನಿಂದ ಹಡಗು, ಅಲ್ಲಿಯ ತನಕ ಮಾವನ ಜೊತೆ ರೈಲು. ಟ್ರಂಕಿಗೆ ಸೀರೆ, ಖಡಕ್ ರೊಟ್ಟಿ, ಡಬ್ಬಿಯಲ್ಲಿ ಗುರೆಳ್ಳು ಪುಡಿ ತುಂಬಿದೆವು. ಪುಡಿಗೆ ಅತ್ತೆ ಬೆಳ್ಳುಳ್ಳಿ ಹೆಚ್ಚಿಗೆ ಹಾಕಿದರು, ಮಗನಿಗೆ ಹಾಗೇ ಸೇರುತ್ತಿತ್ತು. ಹೊರಡುವುದಕ್ಕೆ ಒಂದು ವಾರವೂ ಉಳಿದಿರಲಿಲ್ಲ. ಮಾವ ಮಧ್ಯಾಹ್ನವೇ ಮನೆಗೆ ಬಂದರು. ದೀಪ ಹಚ್ಚುವ ಮೊದಲು ಅವರು ಬಜಾರಿನಿಂದ ಬಂದದ್ದನ್ನು ನಾನು ನೋಡಿರಲೇ ಇಲ್ಲ. ರುಮಾಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, 'ಹಡಗು ಹೋಗಂಗಿಲ್ಲಂತ. ರಂಗೂನಿನ ಮ್ಯಾಲ ಜಪಾನಿನವರ ಬಾಂಬು ಬಿದ್ದಾವಂತ' ಎಂದರು. ಅತ್ತೆ ಟ್ರಂಕಿನ ಮುಚ್ಚಳ ಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆವತ್ತಿನಿಂದ ಆ ಮಾತನ್ನು ನಾನು ಬಳಸುವುದಿಲ್ಲ.

ಹೋಗಿದ್ದರೆ ನೀನೂ ಉಳಿಯುತ್ತಿರಲಿಲ್ಲ, ಶಿವ ಕಾಪಾಡಿದ ಎಂದು ಎಷ್ಟೋ ಜನ ಸಮಾಧಾನ ಹೇಳಿದರು. ಶಿವನ ಲೆಕ್ಕ ಶಿವನಿಗೆ. ನನ್ನ ಲೆಕ್ಕ ಬೇರೆ. ಮೊದಲ ಸಲವೇ ಅಪ್ಪಣೆ ಸಿಕ್ಕಿದ್ದರೆ ನಾನು ಅವರ ಜೊತೆ ಇರುತ್ತಿದ್ದೆ, ಬದುಕೋ ಸಾವೋ ಇಬ್ಬರಿಗೂ ಒಂದೇ. ಸಿಗುವುದೇ ಇಲ್ಲ ಎಂದಾಗಿದ್ದರೆ ಅವರು ದೀಪಾವಳಿಗೆ ಮನೆಗೆ ಬಂದು ಎಣ್ಣೆ ನೀರು ಹಾಕಿಸಿಕೊಳ್ಳುತ್ತಿದ್ದರು. ಸಿಕ್ಕೀತು ಎಂಬ ಆಸೆಯೊಂದು ಅವರನ್ನು ಅಲ್ಲಿ ಕಟ್ಟಿಹಾಕಿತು. ಇದನ್ನು ನಾನು ಎಷ್ಟು ಸಲ ಅತ್ತಿಂದಿತ್ತ ಹೊರಳಿಸಿ ನೋಡಿದ್ದೇನೋ, ಒಂದು ಸಲವೂ ಸಮಾಧಾನದ ಕಡೆ ಬಿದ್ದಿಲ್ಲ.

ಅವರು ಹಡಗು ಸಿಗದೆ, ಕಾಡುದಾರಿಯಲ್ಲಿ ನಡೆದು ಹೊರಟವರ ಜೊತೆ ಸೇರಿ, ಜ್ವರ ಬಂದು ದಾರಿಯಲ್ಲೇ ಹೋದರು. ಹಾಗೆಂದು ಜೊತೆಗಿದ್ದ ಒಬ್ಬ ತೆಲುಗಿನವನು ಬದುಕಿ ಬಂದು, ನಮ್ಮ ಮನೆ ಹುಡುಕಿಕೊಂಡು ಬಂದು ಹೇಳಿದ. ಅದು ತಿಳಿದದ್ದು ಮರುವರ್ಷದ ಮಳೆಗಾಲದಲ್ಲಿ. ಅದಕ್ಕೂ ಮೊದಲು, ಇನ್ನೂ ಏನೂ ಗೊತ್ತಿಲ್ಲದಾಗ, ರಂಗೂನಿನಿಂದ ತಪ್ಪಿಸಿಕೊಂಡವರ ಹಡಗುಗಳು ಮದರಾಸಿಗೆ ಬರುತ್ತಿವೆ ಎಂದು ಕೇಳಿ ಮಾವ ಹೊರಟರು. ನಾನೂ ಬರುತ್ತೇನೆ ಎಂದೆ. ಅತ್ತೆ ಬೇಡ ಅನ್ನಲಿಲ್ಲ. ಗುರೆಳ್ಳಿನ ಡಬ್ಬಿಯನ್ನು ಕೈಗೆ ಕೊಟ್ಟರು.

ಬಂದರಿನ ಹತ್ತಿರ ಒಂದು ಮೇಜು ಹಾಕಿಕೊಂಡು, ಹುಡುಕಿಕೊಂಡು ಬಂದವರನ್ನು ವಿಚಾರಿಸುತ್ತಿದ್ದರು. ನಮ್ಮ ಸರದಿ ಬಂದಾಗ ಅಲ್ಲಿದ್ದ ಹುಡುಗ ಯಾರು ಬೇಕು ಎಂದ. ಬಜಾರಿನಲ್ಲಿ ಹತ್ತು ಜನರ ದನಿ ಮೀರಿ ದರ ಕೂಗುತ್ತಿದ್ದ ಮಾವ, 'ನಮ್ಮ ಹುಡುಗ... ನಮ್ಮ ಹುಡುಗ್ರಿ...' ಎಂದು ಅಷ್ಟಕ್ಕೇ ನಿಂತರು. ನಾನು ಮುಂದೆ ಹೋಗಿ ಹೆಸರು ಹೇಳಿದೆ. ಬರಿಯ ಹೆಸರು, ತಂದೆಯ ಹೆಸರು, ಊರು. ಒಡಪಿಲ್ಲ, ಹೊಸ್ತಿಲಿಲ್ಲ, ಪಕ್ಕದಲ್ಲಿ ಮಾವ. ಆಕಾಶವೇನೂ ಬೀಳಲಿಲ್ಲ. ಹುಡುಗ ಪಟ್ಟಿಯಲ್ಲಿ ಹುಡುಕಿ ನೋಡಿ, ಇಲ್ಲ ಎಂದು ತಲೆಯಾಡಿಸಿದ.

ಮರುದಿನ ಒಂದು ಹಡಗು ಬಂತು. ಇಳಿದವರು ಗುಂಪು ಗುಂಪಾಗಿ ನಡೆದು ಬರುತ್ತಿದ್ದರು, ಮೈಮೇಲೆ ಒಂದು ಬಟ್ಟೆ, ಕೆಲವರ ಕಾಲಲ್ಲಿ ಚಪ್ಪಲಿಯೂ ಇಲ್ಲ. ಆ ನೂಕುನುಗ್ಗಲಿನಲ್ಲಿ ಮುಖ ಕಾಣುತ್ತಿರಲಿಲ್ಲ. ನಾನು ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಪಕ್ಕ ನಿಂತು ಹೆಸರು ಹಿಡಿದು ಕೂಗಿದೆ. ಒಬ್ಬರೂ ತಿರುಗಲಿಲ್ಲ. ಮಾವ ನನ್ನ ಕಡೆ ನೋಡಿ, 'ಇನ್ನೊಮ್ಮಿ ಕೂಗವ್ವಾ. ನಿನ್ನ ದನಿ ಅವಗ ಗೊತ್ತಾಗತೈತಿ' ಎಂದರು.

ಹೇಗೆ ಗೊತ್ತಾಗಬೇಕು? ನಾನು ಅವರನ್ನು ಹೆಸರು ಹಿಡಿದು ಯಾವಾಗ ಕರೆದಿದ್ದೆ? ಅಷ್ಟು ಜನ ತಮ್ಮವರನ್ನು ಕೂಗುತ್ತಿರುವಾಗ ನನ್ನ ದನಿ ಅವರಿಗೆ ಯಾರೋ ಪರಹೆಂಗಸಿನ ದನಿ. ನನ್ನ ಬಾಯಿಂದ ಅವರು ತಮ್ಮ ಹೆಸರು ಕೇಳಿದ್ದು ಒಡಪಿನಲ್ಲಿ ಮಾತ್ರ. ಡಬ್ಬಿಯನ್ನು ಮಾವನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅರಳೆಯ ಎಳೆಯಿಂದ ಶುರು ಮಾಡಿ ಬಾಗಿಲು ತಡೆಯುವ ತನಕ ಪೂರ್ತಿ ಒಡಪನ್ನು ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ, ಹೆಸರಿನ ಸಮೇತ. ಈ ಸಲ ಯಾರೂ ನಗಲಿಲ್ಲ. ಮುಂದೆ ಹೋಗುತ್ತಿದ್ದವರು ನಿಂತು ತಿರುಗಿ ನೋಡಿದರು. ಒಂದೊಂದೇ ಮುಖವನ್ನು ನಾನೂ ಮಾವನೂ ನೋಡಿದೆವು. ಅವರಲ್ಲಿ ಅವರು ಇರಲಿಲ್ಲ.